ತಂತಿ ಕಾಗದವನ್ನು ಓದುವ ಬಗೆ: ಕೋಲಾರ ಸೀಮೆಯ ಹಳೆಯ ಟೆಲಿಗ್ರಾಂ ಫಾರಂಗಳು

ಕೋಲಾರ, ಬಂಗಾರಪೇಟೆ, ಚಿಂತಾಮಣಿ, ಶಿಡ್ಲಘಟ್ಟದಂಥ ಊರುಗಳಲ್ಲಿ ಮೂರು ನಾಲ್ಕು ತಲೆಮಾರಿನಿಂದ ವ್ಯಾಪಾರವನ್ನೋ ವಕೀಲಿಕೆಯನ್ನೋ ಸರ್ಕಾರಿ ಚಾಕರಿಯನ್ನೋ ಮಾಡಿಕೊಂಡು ಬಂದ ಮನೆಗಳ ಟ್ರಂಕು ತೆರೆದರೆ, ಪಾಲುಪಟ್ಟಿ, ಕಂದಾಯದ ರಸೀತಿ, ಜಾತಕಗಳ ನಡುವೆ ಒಂದೆರಡಾದರೂ ತಂತಿ ಕಾಗದಗಳು ಸಿಗುವುದುಂಟು. ಅವು ಕೈಗೆ ಬಂದಾಗ ಎಲ್ಲರೂ ಮೊದಲು ಓದುವುದು ಸಂದೇಶವನ್ನು. ಯಾರೋ ಹೊರಟರು, ಯಾರೋ ತೀರಿಕೊಂಡರು, ಸರಕು ತಲುಪಿತು ಎಂಬ ನಾಲ್ಕೈದು ಮಾತು ಓದಿ, ತಾರೀಖು ನೋಡಿ, ಹಳೆಯದಾಗಿದ್ದರೆ ಅಪರೂಪದ್ದೆಂದು ಎತ್ತಿಡುತ್ತಾರೆ. ಸಂಗ್ರಾಹಕನಾದವನು ಓದಬೇಕಾದ ಕ್ರಮ ಇದಕ್ಕೆ ತಿರುಗುಮುರುಗಾದದ್ದು. ಮೊದಲು ಅಚ್ಚಾದ ಭಾಗ, ಆಮೇಲೆ ಠಸ್ಸೆ, ಆಮೇಲೆ ಗುಮಾಸ್ತನು ಕೈಯಲ್ಲಿ ತುಂಬಿದ ಅಂಕಣಗಳು, ಎಲ್ಲಕ್ಕೂ ಕೊನೆಯಲ್ಲಿ ಸಂದೇಶ. ಏಕೆಂದರೆ ಒಂದು ಫಾರಂ ಎಷ್ಟು ಅಪರೂಪದ್ದೆಂಬುದನ್ನು ಅದರ ವಯಸ್ಸು ಹೇಳುವುದಕ್ಕಿಂತ ಹೆಚ್ಚಾಗಿ, ಒಂದೇ ತಂತಿಯ ಸುತ್ತ ಹುಟ್ಟುತ್ತಿದ್ದ ಹಲವು ಕಾಗದಗಳಲ್ಲಿ ಇದು ಯಾವುದು, ಮತ್ತು ಯಾವ ಕಚೇರಿಯ ಕೈ ದಾಟಿ ಬಂದದ್ದು ಎಂಬ ಎರಡು ಸಂಗತಿಗಳು ಹೇಳುತ್ತವೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಐರಿಷ್ ವೈದ್ಯ ವಿಲಿಯಂ ಬ್ರೂಕ್ ಓಶಾನಸಿ 1839ರಲ್ಲಿ ಕಲ್ಕತ್ತೆಯಲ್ಲಿ ತಂತಿಯ ಪ್ರಯೋಗ ಮಾಡಿದರು. 1850-51ರಲ್ಲಿ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರಿಗೆ ಮೊದಲ ಮಾರ್ಗ ಬಂತು. 1855ರಲ್ಲಿ ಸೇವೆ ಸಾರ್ವಜನಿಕರಿಗೆ ತೆರೆದುಕೊಂಡಿತು. ಮುಂಬಯಿಗೂ ಮದರಾಸಿಗೂ ನಡುವೆ ಎಳೆದ ಮಾರ್ಗದ ಮೂಲಕ ಬೆಂಗಳೂರು ಆ ಮೊದಲ ವರ್ಷಗಳಲ್ಲೇ ಈ ಜಾಲಕ್ಕೆ ಸೇರಿತು. 2013ರ ಜುಲೈ 15ರಂದು ಸೇವೆ ನಿಂತಿತು. ಈ ನಡುವಿನ ಅವಧಿಯಲ್ಲಿ ವಸಾಹತುಕಾಲದ್ದೆಂದು ನಾವು ಕರೆಯುವುದು 1947ರ ಆಗಸ್ಟಿನವರೆಗಿನ ಕಾಗದಗಳನ್ನು.

ಒಂದು ತಂತಿ, ಹಲವು ಕಾಗದ

ತಂತಿ ಕೊಡಲು ಬಂದವನು ಕಚೇರಿಯ ಕಿಟಕಿಯ ಬಳಿ ಒಂದು ಖಾಲಿ ಫಾರಂ ಪಡೆದು, ವಿಳಾಸವನ್ನೂ ಸಂದೇಶವನ್ನೂ ಬರೆದು, ಕೆಳಗೆ ರುಜು ಹಾಕಿ ಕೊಡುತ್ತಿದ್ದನು. ಗುಮಾಸ್ತನು ಪದಗಳನ್ನು ಎಣಿಸಿ, ಹಣ ಪಡೆದು, ಅದಕ್ಕೆ ತಕ್ಕ ಬೆಲೆಯ ಸ್ಟಾಂಪು ಚೀಟಿಗಳನ್ನು ಅಂಟಿಸಿ, ರಸೀತಿ ಹರಿದು ಕೊಡುತ್ತಿದ್ದನು. ಒಳಗೆ ಕುಳಿತ ಸಿಗ್ನಲರ್ ಆ ಫಾರಮನ್ನು ಮುಂದಿಟ್ಟುಕೊಂಡು ಮೋರ್ಸ್ ಕೀಲಿಯಲ್ಲಿ ಬಡಿದರೆ, ಇನ್ನೊಂದು ಊರಿನಲ್ಲಿ ಕುಳಿತವನು ಟಕಟಕ ಸದ್ದನ್ನು ಕಿವಿಯಲ್ಲೇ ಓದಿ, ಅಲ್ಲಿಯ ಬೇರೊಂದು ಫಾರಂ ಮೇಲೆ ಅಕ್ಷರಕ್ಕಿಳಿಸುತ್ತಿದ್ದನು. ಆ ಎರಡನೆಯ ಫಾರಮನ್ನು ಮಡಿಸಿ ಲಕೋಟೆಗೆ ಹಾಕಿ ಜವಾನನ ಕೈಯಲ್ಲಿ ಕಳಿಸಿದರೆ, ಪಡೆದವನು ಸಮಯ ನಮೂದಿಸಿ ಒಂದು ಚೀಟಿಗೆ ರುಜು ಹಾಕಿ ಹಿಂತಿರುಗಿಸುತ್ತಿದ್ದನು. ಹೀಗೆ ಕಳಿಸಿದವನ ಫಾರಂ, ಅವನ ರಸೀತಿ, ತಲುಪಿದ ಫಾರಂ, ಅದರ ಲಕೋಟೆ, ಜವಾನನ ಚೀಟಿ ಎಲ್ಲವೂ ಒಂದೇ ತಂತಿಯ ಕಾಗದಗಳು.

ಇವುಗಳಲ್ಲಿ ಮನೆಗಳಲ್ಲಿ ಉಳಿದು ಬಂದಿರುವುದು ಬಹುಪಾಲು ತಲುಪಿದ ಫಾರಂ ಒಂದೇ. ತಂತಿಯ ಬಗ್ಗೆ ಏನಾದರೂ ವಿಚಾರಿಸಬೇಕಿದ್ದರೆ ಈ ಫಾರಮನ್ನು ಜೊತೆಗೆ ತರಬೇಕೆಂಬ ಸೂಚನೆ ಅದರ ಮೇಲೆಯೇ ಅಚ್ಚಾಗಿರುತ್ತಿದ್ದುದೂ ಅದು ಉಳಿಯಲು ಒಂದು ಕಾರಣವಾಗಿರಬೇಕು. ವ್ಯಾಪಾರಿಗಳಂತೂ ಅದನ್ನು ಲೆಕ್ಕಪತ್ರದ ಭಾಗವೆಂದೇ ಇಟ್ಟುಕೊಳ್ಳುತ್ತಿದ್ದರು. ಕಳಿಸಿದವನ ಕೈಬರಹವಿರುವ ಫಾರಂ ಕಚೇರಿಯಲ್ಲೇ ಉಳಿದು, ನಿಗದಿತ ಅವಧಿ ಮುಗಿದ ಮೇಲೆ ನಾಶವಾಗುತ್ತಿತ್ತು. ಆದ್ದರಿಂದ 1930ರ ದಶಕದ್ದೇ ಆದರೂ, ತುಂಬಿದ ಕಳುಹುವ ಫಾರಂ ಸಿಕ್ಕಿದರೆ ಅದು 1890ರ ದಶಕದ ತಲುಪಿದ ಫಾರಮಿಗಿಂತ ಅಪರೂಪದ್ದಾಗಿರಬಹುದು. ಅಂಥವು ಉಳಿದಿರುವುದು ಹೆಚ್ಚಾಗಿ ನ್ಯಾಯಾಲಯದ ಮೊಕದ್ದಮೆಯಲ್ಲಿ ಸಾಕ್ಷಿಯಾಗಿ ಹಾಜರುಪಡಿಸಿದ್ದರಿಂದ, ಅಥವಾ ಬರೆಯುವಾಗ ತಪ್ಪಿ ಇನ್ನೊಂದು ಫಾರಂ ತೆಗೆದುಕೊಂಡು ಮೊದಲನೆಯದನ್ನು ಜೇಬಿನಲ್ಲಿ ಹಾಕಿಕೊಂಡು ಬಂದಿದ್ದರಿಂದ. ಈ ಎರಡನೆಯ ಬಗೆಯದರ ಮೇಲೆ ಠಸ್ಸೆಯೂ ಇರುವುದಿಲ್ಲ, ಪದಸಂಖ್ಯೆಯೂ ಇರುವುದಿಲ್ಲ. ಅದನ್ನು ನಿಜವಾಗಿ ರವಾನೆಯಾದ ತಂತಿಯೆಂದು ಮಾರುವುದು ಸರಿಯಲ್ಲ.

ಕಳಿಸಿದ ಫಾರಮಿನ ಈ ನಾಶಕ್ಕೆ ಅಂಚೆಚೀಟಿ ಸಂಗ್ರಹದಲ್ಲೇ ಒಂದು ಸಾಕ್ಷಿ ಇದೆ. 1860ರಲ್ಲಿ ತಂತಿಗೆಂದೇ ಪ್ರತ್ಯೇಕ ಚೀಟಿಗಳು ಬಂದವು. ಆಮೇಲೆ ಲಂಡನ್ನಿನ ಡಿ ಲಾ ರೂ ಸಂಸ್ಥೆ ಅಚ್ಚು ಹಾಕಿದ 1869ರ ಸರಣಿಯಲ್ಲಿ ವಿಕ್ಟೋರಿಯಾ ರಾಣಿಯ ಮುಖ ಒಂದೇ ಚೀಟಿಯಲ್ಲಿ ಮೇಲೊಂದು, ಕೆಳಗೊಂದು ಇರುತ್ತದೆ. ಚೀಟಿಯನ್ನು ಅಡ್ಡಲಾಗಿ ಎರಡು ತುಂಡು ಮಾಡಿ, ಮೇಲಿನ ಅರ್ಧವನ್ನು ಗಿರಾಕಿಯ ರಸೀತಿಗೆ, ಕೆಳಗಿನ ಅರ್ಧವನ್ನು ಕಚೇರಿಯ ಫಾರಮಿಗೆ ಹಚ್ಚಲಿಕ್ಕೆಂದೇ ಆ ವಿನ್ಯಾಸ. ಇಂದು ಮಾರುಕಟ್ಟೆಯಲ್ಲಿ ಕಾಣುವ ಬಳಸಿದ ತುಂಡುಗಳಲ್ಲಿ ಮೇಲಿನ ಅರ್ಧಗಳೇ ಹೆಚ್ಚು. ಕೆಳಗಿನವು ತಾವು ಅಂಟಿಕೊಂಡಿದ್ದ ಫಾರಮಿನೊಂದಿಗೇ ಹೋದವು. ಕೆಳಗಿನ ಅರ್ಧ ಇನ್ನೂ ಅಂಟಿಕೊಂಡೇ ಇರುವ ಪೂರ್ಣ ಫಾರಂ ಯಾರ ಕೈಗಾದರೂ ಸಿಕ್ಕಿದರೆ, ಅದನ್ನು ಇದ್ದಂತೆಯೇ ಇಡಬೇಕು. ಎಡ್ವರ್ಡ್ ದೊರೆಯ ಕಾಲದ ಸರಣಿಯ ಬಳಿಕ ತಂತಿಗೆ ಸಾಮಾನ್ಯ ಅಂಚೆಚೀಟಿಗಳೇ ಬಳಕೆಯಾದವು. ಐದನೆಯ ಜಾರ್ಜ್ ದೊರೆಯ ಒಂದು, ಎರಡು, ಐದು ರೂಪಾಯಿಯಂಥ ದೊಡ್ಡ ಬೆಲೆಯ ಚೀಟಿಗಳ ಮೇಲೆ ತಂತಿ ಕಚೇರಿಯ ಠಸ್ಸೆ ಕಂಡರೆ, ಅವು ಬಂದದ್ದು ಇಂಥ ಫಾರಂಗಳಿಂದಲೇ. ಚೀಟಿಗಾಗಿ ಫಾರಮನ್ನು ಕತ್ತರಿಸಿ ಎಸೆದ ಹಳೆಯ ಸಂಗ್ರಾಹಕರು ಚೀಟಿಯನ್ನು ಉಳಿಸಿ ಇತಿಹಾಸವನ್ನು ಕಳೆದರು ಎಂದೇ ನನ್ನ ಅಭಿಪ್ರಾಯ. ಐದು ರೂಪಾಯಿಯ ಚೀಟಿ ಇನ್ನೂ ಸಿಗುತ್ತದೆ. ಐದು ರೂಪಾಯಿ ಕೊಟ್ಟು ಕೋಲಾರದಿಂದ ಒಬ್ಬನು ಏನನ್ನು ಹೇಳಿ ಕಳಿಸಿದನೆಂಬುದು ಮತ್ತೆ ಸಿಗುವುದಿಲ್ಲ.

ಕಾಲವನ್ನು ನಿರ್ಧರಿಸುವುದು

ತಾರೀಖು ಸ್ಪಷ್ಟವಾಗಿದ್ದರೆ ಕೆಲಸ ಸುಲಭ. ಆದರೆ ಠಸ್ಸೆ ಮಸುಕಾಗಿರುತ್ತದೆ, ಮಡಿಕೆಯಲ್ಲಿ ಇಸವಿ ಹರಿದಿರುತ್ತದೆ, ಅಥವಾ ಗುಮಾಸ್ತನು ದಿನ ಮತ್ತು ತಿಂಗಳನ್ನಷ್ಟೇ ಬರೆದಿರುತ್ತಾನೆ. ಆಗ ಅಚ್ಚಾದ ಭಾಗವೇ ಗತಿ.

ತಲೆಬರಹದಲ್ಲಿರುವ ಇಲಾಖೆಯ ಹೆಸರು ಮೊದಲ ಸುಳಿವು. ಅಂಚೆಯೂ ತಂತಿಯೂ ಬಹುಕಾಲ ಬೇರೆ ಬೇರೆ ಇಲಾಖೆಗಳಾಗಿದ್ದವು. 1883ರಿಂದ ಅಂಚೆ ಕಚೇರಿಗಳಲ್ಲೇ ತಂತಿಯ ಕೆಲಸವನ್ನೂ ನಡೆಸುವ ಸಂಯುಕ್ತ ಕಚೇರಿಗಳು ಹರಡಿದವು. 1914ರಲ್ಲಿ ಎರಡೂ ಇಲಾಖೆಗಳು ಒಬ್ಬನೇ ಡೈರೆಕ್ಟರ್ ಜನರಲ್ ಕೈಕೆಳಗೆ ಒಂದಾದವು. ಬರಿಯ ತಂತಿ ಇಲಾಖೆಯ ಹೆಸರಿರುವ ಫಾರಂ ಈ ವಿಲೀನಕ್ಕೆ ಹಿಂದೆ ಅಚ್ಚಾದದ್ದು, ‘ಇಂಡಿಯನ್ ಪೋಸ್ಟ್ಸ್ ಅಂಡ್ ಟೆಲಿಗ್ರಾಫ್ಸ್’ ಎಂದಿರುವುದು ಅದಕ್ಕೆ ಈಚಿನದು ಎಂದು ಸ್ಥೂಲವಾಗಿ ಹೇಳಬಹುದು. ಅಚ್ಚಾದ ಕಾಲ ಬೇರೆ, ಬಳಕೆಯಾದ ಕಾಲ ಬೇರೆ ಎಂಬುದನ್ನು ಮಾತ್ರ ಮರೆಯಬಾರದು. ಸಣ್ಣ ಕಚೇರಿಗಳು ಹಳೆಯ ದಾಸ್ತಾನು ಮುಗಿಯುವವರೆಗೂ ಅದನ್ನೇ ಬಳಸುತ್ತಿದ್ದವು. ಕಿರೀಟದ ಗುರುತಿರುವ ಫಾರಂಗಳು ಸ್ವಾತಂತ್ರ್ಯ ಬಂದ ಮೇಲೂ ಕೆಲಕಾಲ ಹಳ್ಳಿಗಾಡಿನ ಕಚೇರಿಗಳಲ್ಲಿ ನಡೆದವು, ಮತ್ತು ಅವು ತಮ್ಮದೇ ರೀತಿಯಲ್ಲಿ ಸಂಗ್ರಹಯೋಗ್ಯ. ಆದರೆ ಅವನ್ನು ವಸಾಹತುಕಾಲದ ತಂತಿಯೆಂದು ಕರೆಯಲಾಗದು. ತಲೆಬರಹದಲ್ಲಿ ಇಂಗ್ಲಿಷಿನೊಡನೆ ಹಿಂದಿಯೂ ಸೇರಿಕೊಂಡಿದ್ದರೆ ಅದು ಸ್ವಾತಂತ್ರ್ಯಾನಂತರದ ಅಚ್ಚೆಂದು ಎಣಿಸಬಹುದು. ಹಣದ ಅಂಕಣ ರೂಪಾಯಿ, ಆಣೆ, ಪೈ ಎಂದಿದ್ದ ಮಾತ್ರಕ್ಕೆ ಬ್ರಿಟಿಷರ ಕಾಲದ್ದೆಂದು ಹೇಳಲಾಗದು, ಆಣೆಗಳು ಲೆಕ್ಕದಿಂದ ಹೋದದ್ದು 1957ರ ಏಪ್ರಿಲ್ 1ರಂದು.

ಎರಡನೆಯ ಸುಳಿವು ಅತ್ಯಂತ ಸಣ್ಣ ಅಕ್ಷರದಲ್ಲಿ, ಫಾರಮಿನ ಕೆಳ ಅಂಚಿನಲ್ಲೋ ಹಿಂಬದಿಯ ಮೂಲೆಯಲ್ಲೋ ಇರುವ ಮುದ್ರಣಾಲಯದ ಸಾಲು. ಸರ್ಕಾರಿ ಮುದ್ರಣಾಲಯಗಳು ತಾವು ಅಚ್ಚು ಹಾಕಿದ ನಮೂನೆಗಳ ಮೇಲೆ ಮುದ್ರಣಾಲಯದ ಹೆಸರಿನ ಮೊದಲಕ್ಷರಗಳು, ಆದೇಶದ ಸಂಖ್ಯೆ, ಬೇಡಿಕೆ ಸಲ್ಲಿಸಿದ ಇಲಾಖೆಯ ಸಂಕೇತ, ಅಚ್ಚಾದ ತಾರೀಖು, ಪ್ರತಿಗಳ ಸಂಖ್ಯೆ ಇವನ್ನು ಒಂದೇ ಸಾಲಿನಲ್ಲಿ ಗೆರೆ ಹಾಕಿ ಸೇರಿಸುತ್ತಿದ್ದವು. ಈ ಸಾಲು ಇದ್ದರೆ ಫಾರಂ ಯಾವ ವರ್ಷಕ್ಕೆ ಹಿಂದಿನದಾಗಿರಲು ಸಾಧ್ಯವೇ ಇಲ್ಲವೆಂಬುದು ಖಚಿತವಾಗುತ್ತದೆ. ಬಹಳ ಜನ ಫಾರಮನ್ನು ಆಲ್ಬಮ್ಮಿಗೆ ಹೊಂದಿಸಲು ಅಂಚನ್ನು ಕತ್ತರಿಸುವುದು ಇಲ್ಲಿಯೇ, ಇದೇ ಸಾಲಿನ ಮೇಲೆ.

ದರ್ಜೆಯೂ ನೆರವಿಗೆ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಒಳನಾಡಿನ ಖಾಸಗಿ ತಂತಿಗಳಿಗೆ ಅರ್ಜೆಂಟ್, ಆರ್ಡಿನರಿ, ಡಿಫರ್ಡ್ ಎಂಬ ಮೂರು ದರ್ಜೆಗಳಿದ್ದವು. ಡಿಫರ್ಡ್ ಎಂದರೆ ಮಾರ್ಗ ಬಿಡುವಾದಾಗ ಹೋಗುವ ಅಗ್ಗದ ತಂತಿ. ಇಪ್ಪತ್ತನೆಯ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ಇವು ಹೋಗಿ ಎಕ್ಸ್‌ಪ್ರೆಸ್, ಆರ್ಡಿನರಿ ಎಂಬ ಎರಡೇ ಉಳಿದವು. ಆದ್ದರಿಂದ ಡಿಫರ್ಡ್ ಎಂದು ಅಚ್ಚಾದ ಒಳನಾಡಿನ ಫಾರಮಿಗೆ ತಾರೀಖು ಇಲ್ಲದಿದ್ದರೂ ಅದರ ಕಾಲ ತಕ್ಕಮಟ್ಟಿಗೆ ಗೊತ್ತಾಗುತ್ತದೆ. ಸರ್ಕಾರಿ ತಂತಿಗೂ ಖಾಸಗಿ ತಂತಿಗೂ ಇರುವ ವ್ಯತ್ಯಾಸವನ್ನೂ ಇಲ್ಲಿಯೇ ಗಮನಿಸಬೇಕು. ಅಮಲ್ದಾರರಿಗೆ (ತಾಲ್ಲೂಕಿನ ಕಂದಾಯ ಅಧಿಕಾರಿಗೆ) ಬಂದ ಸರ್ಕಾರಿ ತಂತಿ ಖಾಸಗಿ ಟ್ರಂಕಿನಲ್ಲಿ ಹೇಗೆ ಬಂತೆಂಬ ಪ್ರಶ್ನೆಯನ್ನು ಮುಂದೆ ಎತ್ತಿಕೊಳ್ಳುತ್ತೇನೆ.

ಗಂಟೆ, ನಿಮಿಷಗಳ ಅಂಕಣ ಹೆಚ್ಚಿನವರ ಕಣ್ಣಿಗೆ ಬೀಳುವುದೇ ಇಲ್ಲ. ತಂತಿಯನ್ನು ಕೊಟ್ಟ ಸಮಯ, ಇಲ್ಲಿ ತಲುಪಿದ ಸಮಯ ಎರಡೂ ಅಲ್ಲಿರುತ್ತವೆ. ಇವೆರಡರ ಅಂತರದಿಂದ ಮಾರ್ಗದಲ್ಲಿ ತಡೆಯಾಗಿತ್ತೇ, ರಾತ್ರಿ ಕಚೇರಿ ಮುಚ್ಚಿತ್ತೇ ಎಂಬುದು ತಿಳಿಯುತ್ತದೆ. 1906ರ ಜನವರಿ 1ರಂದು ಭಾರತೀಯ ಪ್ರಮಾಣ ಸಮಯ ಜಾರಿಗೆ ಬರುವವರೆಗೆ ರೈಲು ಮತ್ತು ತಂತಿ ನಡೆಯುತ್ತಿದ್ದುದು ಮದರಾಸು ಸಮಯದಲ್ಲಿ; ಅದು ಇಂದಿನ ಸಮಯಕ್ಕಿಂತ ಸುಮಾರು 9 ನಿಮಿಷ ಹಿಂದೆ. ಒಂದೇ ಫಾರಮಿನಿಂದ ಇದು ಕಾಣುವುದಿಲ್ಲ. ಆದರೆ ಒಂದು ಸಾವು, ಒಂದು ರೈಲಿನ ಆಗಮನ, ಒಂದು ಸಭೆಯ ಸಮಯವನ್ನು ಬೇರೆ ದಾಖಲೆಯೊಡನೆ ಹೋಲಿಸುವಾಗ ಈ 9 ನಿಮಿಷ ತಲೆತಿನ್ನುವುದುಂಟು.

ಠಸ್ಸೆ ಮತ್ತು ಊರು

ಊರನ್ನು ಗುರುತಿಸುವುದು ಈ ಹವ್ಯಾಸದ ಅತ್ಯಂತ ಕಷ್ಟದ ಭಾಗವೂ ಹೌದು, ಅತ್ಯಂತ ಸಂತೋಷದ ಭಾಗವೂ ಹೌದು. ಬ್ರಿಟಿಷರ ಕಾಲದ ಕಾಗುಣಿತ ನಮ್ಮದಲ್ಲ. ಬಂಗಾರಪೇಟೆಯನ್ನು ಹುಡುಕುವವನು ಬೌರಿಂಗ್‌ಪೇಟೆಯನ್ನು ಹುಡುಕಬೇಕು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಲೂಯಿನ್ ಬೌರಿಂಗ್ ಅವರ ಹೆಸರು ಆ ಊರಿಗೆ ಅಂಟಿಕೊಂಡಿತ್ತು. ಉರಿಗಾಂ ಎಂಬುದನ್ನು ಇಂಗ್ಲಿಷಿನಲ್ಲಿ ಕನಿಷ್ಠ ಎರಡು ಮೂರು ಬಗೆಯಲ್ಲಿ ಬರೆದಿದ್ದಾರೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ನನ್ನ ಬಳಿ ಇರುವ ಒಂದು ತಲುಪಿದ ಫಾರಮಿನ ಮೇಲೆ ದುಂಡು ಠಸ್ಸೆಯ ಬಲಭಾಗ ಮಾತ್ರ ಮೂಡಿದೆ. ಓದಲು ಸಿಗುವುದು ‘ಬಳ್ಳಾಪುರ’ ಎಂಬ ಭಾಗದ ಇಂಗ್ಲಿಷ್ ಅಕ್ಷರಗಳಷ್ಟೇ. ಮಾರಿದವರು ಅದನ್ನು ಚಿಕ್ಕಬಳ್ಳಾಪುರದ್ದೆಂದರು. ಅದು ದೊಡ್ಡಬಳ್ಳಾಪುರದ್ದೂ ಆಗಿರಬಹುದಷ್ಟೆ. ಹೀಗಿರುವಾಗ ಮೊದಲು ನೋಡಬೇಕಾದದ್ದು ಅಕ್ಷರಗಳು ವೃತ್ತದ ಅಂಚಿನಲ್ಲಿ ಎಲ್ಲಿ ಕೊನೆಯಾಗುತ್ತವೆ ಎಂಬುದನ್ನು. ದುಂಡು ಠಸ್ಸೆಯಲ್ಲಿ ಹೆಸರನ್ನು ಮೇಲುಭಾಗದ ನಡುವಿನಿಂದ ಎರಡೂ ಕಡೆಗೆ ಸಮನಾಗಿ ಹರಡಿರುತ್ತಾರೆ. ಆದ್ದರಿಂದ ಉಳಿದ ಅಕ್ಷರಗಳು ಕೊನೆಯಾಗುವ ಕೋನವನ್ನು ಅಳೆದರೆ, ಎಡಕ್ಕೆ ಎಷ್ಟು ಅಕ್ಷರಗಳಿಗೆ ಜಾಗವಿತ್ತೆಂಬುದು ಗೊತ್ತಾಗುತ್ತದೆ. ಇಲ್ಲಿ ಎರಡು ಹೆಸರುಗಳ ಉದ್ದವೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಅದು ತೀರ್ಮಾನ ಕೊಡಲಿಲ್ಲ. ಆಗ ನೋಡಿದ್ದು ವಿಳಾಸವನ್ನು: ಪಡೆದವರು ಆಲೂಗಡ್ಡೆಯ ಮಂಡಿಯವರು, ಬೀದಿಯ ಹೆಸರಿಲ್ಲ. ಅದೂ ಸಾಲಲಿಲ್ಲ. ಕೊನೆಗೆ ಅದೇ ಕಟ್ಟಿನಲ್ಲಿದ್ದ, ಅದೇ ಮಂಡಿಯ ಹೆಸರಿನ ರೈಲ್ವೆ ರಸೀತಿಯೊಂದು ಚಿಕ್ಕಬಳ್ಳಾಪುರದ್ದಾಗಿತ್ತು. ಎರಡೂ ಕಾಗದಗಳ ನಟ್ಟನಡುವೆ ಒಂದೇ ಅಳತೆಯ ತೂತು, ತೂತಿನ ಸುತ್ತ ಒಂದೇ ಬಗೆಯ ತುಕ್ಕಿನ ಬಳೆ. ಅಂಗಡಿಗಳಲ್ಲಿ ಕಾಗದಪತ್ರಗಳನ್ನು ಕೊಕ್ಕೆಯ ಕಬ್ಬಿಣದ ಸರಿಗೆಗೆ ಪೋಣಿಸಿ ಗೋಡೆಗೆ ನೇತುಹಾಕುವ ಪದ್ಧತಿ ನಮ್ಮ ಕಡೆ ಇತ್ತೀಚಿನವರೆಗೂ ಇತ್ತು. ಈ ಎರಡೂ ಒಂದೇ ಸರಿಗೆಯಲ್ಲಿ ವರ್ಷಗಟ್ಟಲೆ ಒಟ್ಟಿಗೆ ತೂಗಿದವು ಎಂಬುದಕ್ಕೆ ಆ ತುಕ್ಕೇ ಪುರಾವೆ. ಮಾರುವವರು ಇಂಥ ತೂತನ್ನು ದೋಷವೆಂದು ಹೇಳಿ ಬೆಲೆ ಇಳಿಸುತ್ತಾರೆ, ಕೆಲವರು ಕಾಗದದ ತುಣುಕು ಅಂಟಿಸಿ ಮುಚ್ಚುವುದೂ ಉಂಟು. ನನ್ನ ದೃಷ್ಟಿಯಲ್ಲಿ ಆ ತೂತು ಠಸ್ಸೆಯಷ್ಟೇ ಮುಖ್ಯವಾದ ಗುರುತು. ಕಟ್ಟನ್ನು ಬಿಡಿಸಿ ಒಂದೊಂದೇ ಕಾಗದವನ್ನು ಬೇರೆ ಬೇರೆಯವರಿಗೆ ಮಾರಿದ್ದರೆ ಈ ಫಾರಂ ಎಂದೆಂದಿಗೂ ಅರ್ಧ ಊರಿನದಾಗಿಯೇ ಉಳಿಯುತ್ತಿತ್ತು.

ಕೋಲಾರ ಎಂಬ ಹೆಸರಿನಲ್ಲೂ ಇಂಥದೇ ಗೊಂದಲವಿದೆ. ಕೋಲಾರ ಪಟ್ಟಣ ಬೇರೆ, ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದ ಚಿನ್ನದ ಗಣಿ ಪ್ರದೇಶ ಬೇರೆ. ಗಣಿಯ ತಂತಿಗೆ ಬೇಡಿಕೆ ಹೆಚ್ಚಿರುವುದರಿಂದ ಪಟ್ಟಣದ ಠಸ್ಸೆಯಿರುವ ಯಾವುದೇ ಫಾರಮನ್ನು ‘ಗೋಲ್ಡ್ ಫೀಲ್ಡ್ಸ್’ ಎಂದು ಮಾರುವವರಿದ್ದಾರೆ. ಗಣಿ ಸೀಮೆಯ ಠಸ್ಸೆಗಳಲ್ಲಿ ಉರಿಗಾಂ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ, ರಾಬರ್ಟ್‌ಸನ್‌ಪೇಟೆಯಂಥ ಹೆಸರುಗಳನ್ನು ನಿರೀಕ್ಷಿಸಬೇಕು.

ಮೈಸೂರು ಸಂಸ್ಥಾನದ್ದೇ ಆದ ತಂತಿ ಫಾರಂ ಇತ್ತೇ ಎಂದು ಹೊಸಬರು ಕೇಳುವುದುಂಟು. ಸಂಸ್ಥಾನಕ್ಕೆ ತನ್ನದೇ ಅಂಚೆ ಇತ್ತು, 1889ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯಲ್ಲಿ ಸೇರಿಹೋಯಿತು. ತಂತಿ ಮಾತ್ರ ಮೊದಲಿನಿಂದಲೂ ಭಾರತ ಸರ್ಕಾರದ್ದೇ. ಹಾಗಾಗಿ ಕೋಲಾರ, ತುಮಕೂರು ಜಿಲ್ಲೆಗಳು ಮಹಾರಾಜರ ಆಳ್ವಿಕೆಯಲ್ಲಿದ್ದರೂ ಅಲ್ಲಿಯ ತಂತಿ ಕಚೇರಿಗಳಲ್ಲಿ ಬಳಕೆಯಾದದ್ದು ಕಲ್ಕತ್ತೆಯ ಇಲಾಖೆಯ ನಮೂನೆಗಳು. ಗಂಡಭೇರುಂಡದ ಲಾಂಛನವಿರುವ ತಂತಿ ಕಾಗದ ಕಂಡರೆ ಅದು ದಿವಾನರ ಅಥವಾ ಅರಮನೆಯ ಕಚೇರಿ ತಂತಿಯ ಒಕ್ಕಣೆ ಬರೆದುಕೊಳ್ಳಲು ಬಳಸಿದ ಸ್ವಂತ ಕಾಗದವೇ ಹೊರತು ತಂತಿ ಇಲಾಖೆಯ ಫಾರಂ ಅಲ್ಲ.

ರೈಲ್ವೆಯ ವಿಷಯ ಬೇರೆ. ಅಂಚೆ ಕಚೇರಿಯಲ್ಲಿ ತಂತಿ ಇಲ್ಲದ ಊರುಗಳಲ್ಲಿ ಸ್ಟೇಷನ್ ಮಾಸ್ತರರೇ ಸಾರ್ವಜನಿಕರ ತಂತಿಯನ್ನು ಸ್ವೀಕರಿಸುತ್ತಿದ್ದರು. ಜೋಲಾರ್‌ಪೇಟೆಯಿಂದ ಬೆಂಗಳೂರಿಗೆ 1864ರಲ್ಲಿ ಬಂದ ಮದರಾಸು ರೈಲ್ವೆ, 1884ರಲ್ಲಿ ತುಮಕೂರಿಗೆ ಹೋದ ಮೀಟರ್ ಗೇಜ್, 1894ರ ಗಣಿ ಶಾಖೆ, 1913ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೂ ಆಮೇಲೆ ಚಿಂತಾಮಣಿ, ಶಿಡ್ಲಘಟ್ಟಗಳ ಮೂಲಕ ಚಿಕ್ಕಬಳ್ಳಾಪುರಕ್ಕೂ ಹಬ್ಬಿದ ನ್ಯಾರೋ ಗೇಜ್, ಇವುಗಳ ನಿಲ್ದಾಣಗಳ ಠಸ್ಸೆಯಿರುವ ತಂತಿಗಳು ಅಂಚೆ ಕಚೇರಿಯವುಗಳಿಗಿಂತ ಎಷ್ಟೋ ವಿರಳ. ರೈಲ್ವೆ ಕಂಪನಿಯ ಹೆಸರೂ ಕಾಲ ಹೇಳುತ್ತದೆ: ತುಮಕೂರು ಮಾರ್ಗವನ್ನು 1886ರಿಂದ ನಡೆಸಿದ ಸದರ್ನ್ ಮರಾಠಾ ರೈಲ್ವೆ 1908ರಲ್ಲಿ ಮದರಾಸು ಅಂಡ್ ಸದರ್ನ್ ಮರಾಠಾ ಆಯಿತು. ಆದರೆ ರೈಲುಗಳಿಗೆ ದಾರಿ ಬಿಡುವ ‘ಲೈನ್ ಕ್ಲಿಯರ್’ ಚೀಟಿಗಳನ್ನು ತಂತಿಯೆಂದು ಮಾರುವುದು ಸಾಮಾನ್ಯ. ಅವೂ ತಂತಿಯ ನೆರವಿನಿಂದಲೇ ಹುಟ್ಟಿದ ಕಾಗದಗಳು, ಆದರೆ ಅವು ರೈಲು ಸಂಚಾರದ ದಾಖಲೆಗಳು.

ಗಣಿಯ ಗೂಢ ಪದಗಳು

ಕೋಲಾರ ಚಿನ್ನದ ಗಣಿಗಳ ತಂತಿ ಒಂದು ಪ್ರತ್ಯೇಕ ಅಧ್ಯಯನಕ್ಕೆ ತಕ್ಕದ್ದು. 1880ರಿಂದ ಗಣಿಗಳ ಆಡಳಿತ ನೋಡಿಕೊಂಡ ಜಾನ್ ಟೇಲರ್ ಅಂಡ್ ಸನ್ಸ್ ಲಂಡನ್ನಿನ ಸಂಸ್ಥೆ. ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಗಣಿ ಕಂಪನಿಗಳ ಷೇರುದಾರರೂ ಅಲ್ಲಿಯೇ. 1870ರಲ್ಲಿ ಸೂಯೆಜ್, ಏಡನ್ ಮಾರ್ಗದ ಸಮುದ್ರದಡಿಯ ಕೇಬಲ್ ಮುಂಬಯಿಗೆ ಮುಟ್ಟಿದ ಮೇಲೆ ಇಂಗ್ಲೆಂಡಿಗೆ ಸುದ್ದಿ ಮುಟ್ಟಿಸುವುದು ವೇಗವಾಯಿತು, ಆದರೆ ಪ್ರತಿ ಪದಕ್ಕೂ ತೆರಬೇಕಾದ ಹಣ ದುಬಾರಿ. ಇಂತಿಷ್ಟು ಟನ್ ಅದಿರು ಅರೆದು ಇಂತಿಷ್ಟು ಔನ್ಸ್ ಚಿನ್ನ ಬಂತೆಂಬ ಲೆಕ್ಕವನ್ನು ದಾರಿಯಲ್ಲಿ ಓದಿದವರು ಷೇರುಪೇಟೆಯಲ್ಲಿ ಲಾಭ ಮಾಡಿಕೊಳ್ಳಬಾರದೆಂಬ ಎಚ್ಚರವೂ ಇರಲೇಬೇಕಾಗಿತ್ತು. ಈ ಎರಡಕ್ಕೂ ಪರಿಹಾರವಾಗಿ ಬಂದವು ವಾಣಿಜ್ಯ ಕೋಡ್ ಪುಸ್ತಕಗಳು. ಗಣಿ ಉದ್ಯಮಕ್ಕೆಂದೇ ಸಿದ್ಧಪಡಿಸಿದ ಕೋಡುಗಳೂ ಇದ್ದವು. ಒಂದು ಇಡೀ ವಾಕ್ಯಕ್ಕೆ ಒಂದು ಪದ. ನೋಡಿದರೆ ಅರ್ಥವಿಲ್ಲದ ಅಕ್ಷರಗಳ ಸಾಲು.

ಇಂಥ ತಂತಿ ಸಿಕ್ಕಾಗ ಪದಗಳ ಉದ್ದವನ್ನು ಎಣಿಸಿ. 1903ರ ಅಂತರರಾಷ್ಟ್ರೀಯ ಸಮ್ಮೇಳನ ಉಚ್ಚರಿಸಲು ಬರುವ ಹತ್ತಕ್ಷರದವರೆಗಿನ ಕೃತಕ ಪದಗಳಿಗೆ ಒಪ್ಪಿಗೆ ಕೊಟ್ಟಿತು. ಅದರ ಬೆನ್ನಲ್ಲೇ 1906ರಲ್ಲಿ ಬಂದ ಬೆಂಟ್ಲಿ ಕೋಡ್ ಐದಕ್ಷರದ ಸಂಕೇತಗಳನ್ನು ಬಳಸಿತು. ಎರಡನ್ನು ಜೋಡಿಸಿ ಬರೆದರೆ ಹತ್ತಕ್ಷರವಾಗಿ ಒಂದೇ ಪದದ ದರ ತಗಲುತ್ತಿತ್ತು. 1934ರಿಂದ ಕೋಡ್ ಪದಗಳಿಗೆ ಐದಕ್ಷರದ ಮಿತಿ ಬಂದು ಆ ಜೋಡಣೆಯ ಲಾಭ ನಿಂತಿತು, ಪ್ರತಿಯಾಗಿ ದರ ಇಳಿಯಿತು. ಆದ್ದರಿಂದ ಹತ್ತಕ್ಷರದ ಗುಂಪುಗಳಿರುವ ವಿದೇಶಿ ತಂತಿ 1934ಕ್ಕೆ ಹಿಂದಿನದಾಗಿರುವ ಸಾಧ್ಯತೆ ಹೆಚ್ಚು. ಫಾರಮಿನ ಮೇಲೆ ಮಾರ್ಗಸೂಚನೆ ಇದ್ದರೆ, ಅಂದರೆ ಈಸ್ಟರ್ನ್ ಕಂಪನಿಯ ಕೇಬಲ್ಲಿನ ಮೂಲಕವೋ, 1927ರಲ್ಲಿ ಆರಂಭವಾದ ಬೀಮ್ ನಿಸ್ತಂತು (ರೇಡಿಯೋ) ಮೂಲಕವೋ ಎಂಬ ಗುರುತಿದ್ದರೆ, ಕಾಲ ಇನ್ನೂ ಖಚಿತವಾಗುತ್ತದೆ. ಹಳೆಯ ಕೋಡ್ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಈಗ ಅಂತರಜಾಲದಲ್ಲಿ ಸಿಗುವುದರಿಂದ, ತಾಳ್ಮೆಯಿದ್ದವರು ಒಂದು ಸಂಜೆಯಲ್ಲಿ ಅರ್ಥ ಬಿಡಿಸಬಹುದು. ಕಂಪನಿಯ ಖಾಸಗಿ ಕೋಡ್ ಆಗಿದ್ದರೆ ಮಾತ್ರ ಬಾಗಿಲು ಮುಚ್ಚಿದಂತೆ. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಅಲ್ಲಿಯ ಕುಟುಂಬಗಳು ಊರೂರಿಗೆ ಚದುರಿದವು, ಅವರ ಕಾಗದಪತ್ರಗಳೂ ಚದುರಿದವು. ಈ ತಂತಿಗಳು ಬೆಂಗಳೂರಿನ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಬಿಡಿಬಿಡಿಯಾಗಿ ಸಿಗುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಎರಡನೆಯ ಮಹಾಯುದ್ಧದ ಕಾಲದ ಸೈನಿಕರ ಇ.ಎಫ್.ಎಂ. (ಎಕ್ಸ್‌ಪೆಡಿಷನರಿ ಫೋರ್ಸ್ ಮೆಸೇಜ್) ತಂತಿಗಳನ್ನೂ ಇಲ್ಲಿಯೇ ನೆನೆಯಬೇಕು. ಸೈನಿಕನು ಪಟ್ಟಿಯಿಂದ ಕೆಲವು ಸಿದ್ಧ ವಾಕ್ಯಗಳನ್ನು ಆರಿಸಿದರೆ ಅವುಗಳ ಸಂಖ್ಯೆಗಳು ಮಾತ್ರ ತಂತಿಯಲ್ಲಿ ಹೋಗಿ, ತಲುಪಿದಲ್ಲಿ ಮತ್ತೆ ವಾಕ್ಯಗಳಾಗುತ್ತಿದ್ದವು. ತಗ್ಗು ದರ್ಜೆಯ ಕಾಗದ, ಸೆನ್ಸಾರಿನ ಮೊಹರು ಇವು ಆ ಕಾಲದ ಲಕ್ಷಣಗಳು. 1930ರ ದಶಕದಲ್ಲಿ ಆರಂಭವಾದ ಬಣ್ಣದ ಶುಭಾಶಯ ತಂತಿಗಳು ನೋಡಲು ಚೆಂದ. ಚೆಂದವೆಂದು ಜನ ಎತ್ತಿಟ್ಟುಕೊಂಡದ್ದರಿಂದಲೇ ಅವು ಅಷ್ಟೇನೂ ವಿರಳವಲ್ಲ.

ಖೋಟಾ ಫಾರಂಗಳು

ಬೆಲೆ ಏರಿದಂತೆ ಖೋಟಾ ಫಾರಂಗಳೂ ಬರುತ್ತಿವೆ. ಸಾಮಾನ್ಯವಾದದ್ದು, ನಿಜವಾದ ಖಾಲಿ ಫಾರಮನ್ನು ತುಂಬಿ ಠಸ್ಸೆ ಒತ್ತಿದ್ದು. ಇನ್ನೊಂದು, ಕಂಪ್ಯೂಟರಿನಲ್ಲಿ ತಯಾರಿಸಿ ಚಹಾದ ಬಣ್ಣ ಹಿಡಿಸಿದ್ದು. ಎರಡನೆಯದನ್ನು ಹಿಡಿಯುವುದು ಸುಲಭ. ಅಚ್ಚುಮೊಳೆಯಲ್ಲಿ ಮುದ್ರಿಸಿದ ಫಾರಮಿನ ಹಿಂಬದಿಗೆ ಬೆರಳಾಡಿಸಿದರೆ ಅಕ್ಷರಗಳ ಒತ್ತು ತಿಳಿಯುವುದುಂಟು. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಶಾಯಿ ಅಕ್ಷರದ ಅಂಚಿಗೆ ಸರಿದು ಗಟ್ಟಿಯಾಗಿರುವುದು ಕಾಣುತ್ತದೆ. ಪ್ರಿಂಟರಿನದಾದರೆ ಚುಕ್ಕೆಗಳೋ ಪುಡಿಯೋ ಕಾಣುತ್ತದೆ. ಅತಿನೇರಳೆ ಟಾರ್ಚಿನ ಬೆಳಕಿನಲ್ಲಿ ಕಾಗದ ನೀಲಿಬಿಳುಪಾಗಿ ಹೊಳೆದರೆ ಅದರಲ್ಲಿ ಹೊಳಪುಕಾರಕ ರಾಸಾಯನಿಕಗಳಿವೆ. ಅವು ಕಾಗದದಲ್ಲಿ ಸಾಮಾನ್ಯವಾದದ್ದು ಸುಮಾರು 1950ರ ನಂತರ.

ಮೊದಲನೆಯದು ಕಷ್ಟ. ಅಲ್ಲಿ ಕಾಗದವೂ ಅಚ್ಚೂ ನಿಜವಾದದ್ದೇ. ಆಗ ಒಳಗಿನ ಹೊಂದಾಣಿಕೆಯನ್ನು ಪರೀಕ್ಷಿಸಬೇಕು: ಬರೆದ ಪದಸಂಖ್ಯೆ ಎಣಿಸಿದ ಪದಗಳಿಗೆ ತಾಳೆಯಾಗುತ್ತದೆಯೇ, ಫಾರಂ ಅಚ್ಚಾದ ತಾರೀಖು ಠಸ್ಸೆಯ ತಾರೀಖಿಗಿಂತ ಹಿಂದಿನದೇ, ಬರವಣಿಗೆ ಬಾಲ್‌ಪೆನ್ನಿನದೇ, ಮ‌ಡಿಕೆ ಬರವಣಿಗೆಯ ಮೇಲೆ ಬಿದ್ದಿದೆಯೇ ಅಥವಾ ಶಾಯಿ ಮಡಿಕೆಯ ಬಿರುಕಿನೊಳಗೆ ಇಳಿದಿದೆಯೇ. ಶಾಯಿ ಬಿರುಕಿನೊಳಗೆ ಹರಡಿದ್ದರೆ ಕಾಗದ ಹಳೆಯದಾದ ಮೇಲೆ ಯಾರೋ ಬರೆದಿದ್ದಾರೆಂದು ಅರ್ಥ. ಪ್ರಸಿದ್ಧ ಘಟನೆಯ ದಿನದ ತಂತಿಗಳ ಬಗ್ಗೆ ಇಮ್ಮಡಿ ಎಚ್ಚರ ಬೇಕು. 1938ರ ಏಪ್ರಿಲ್ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಸ್ವಾತಂತ್ರ್ಯ ಚಳವಳಿಗಾರರ ಮೇಲೆ ಗೋಲೀಬಾರು ನಡೆಯಿತು. ಅದೇ ವಾರದ ಗೌರಿಬಿದನೂರಿನ ಠಸ್ಸೆಯಿರುವ ತಂತಿಯನ್ನು ಯಾರಾದರೂ ಮುಂದಿಟ್ಟರೆ, ಅದು ಯಾವ ಮನೆಯಿಂದ ಬಂತೆಂಬುದು ತಿಳಿಯದೆ ಹಣ ಕೊಡಬಾರದು.

ಇಟ್ಟುಕೊಳ್ಳುವುದು, ಇಟ್ಟುಕೊಳ್ಳಬಾರದ್ದು

ತಂತಿ ಗುಮಾಸ್ತರು ಹೆಚ್ಚಾಗಿ ಬಳಸಿದ್ದು ಕಾಪಿಯಿಂಗ್ ಪೆನ್ಸಿಲನ್ನು. ಒಣಗಿರುವಾಗ ಬೂದು, ನೀರು ತಗಲಿದರೆ ಗಾಢ ನೇರಳೆ. ಚೀಟಿ ಬಿಡಿಸಲೆಂದೋ ಕೊಳೆ ತೆಗೆಯಲೆಂದೋ ಫಾರಮನ್ನು ನೀರಿಗೆ ಹಾಕಿದರೆ ಸಂದೇಶವೆಲ್ಲ ನೇರಳೆ ಕಲೆಯಾಗಿ ಹರಡುತ್ತದೆ, ಮತ್ತೆ ಓದಲಾಗದು. ಲ್ಯಾಮಿನೇಷನ್ ಮಾಡಿಸಬಾರದು, ಸೆಲ್ಲೋಟೇಪ್ ಹಚ್ಚಬಾರದು. ಹುಳಿರಹಿತ ಕಾಗದದ ಮಡಿಕೆಯಲ್ಲೋ ಪಾಲಿಯೆಸ್ಟರ್ ಹಾಳೆಯಲ್ಲೋ ಮಲಗಿಸಿ, ಲಕೋಟೆ ಇದ್ದರೆ ಅದನ್ನೂ ಜೊತೆಯಲ್ಲೇ ಇಟ್ಟು, ಬಿಸಿಲಿನಿಂದ ದೂರವಿಟ್ಟರೆ ಸಾಕು.

ಎಲ್ಲವನ್ನೂ ಇಟ್ಟುಕೊಳ್ಳುವ ಹಕ್ಕು ನಮಗಿಲ್ಲ ಎಂಬುದನ್ನೂ ಹೇಳಲೇಬೇಕು. ಕಡತದ ಸಂಖ್ಯೆ, ಇಲಾಖೆಯ ಸ್ವೀಕೃತಿಯ ಮೊಹರು, ಅಧಿಕಾರಿಯ ಟಿಪ್ಪಣಿ ಇರುವ ಸರ್ಕಾರಿ ತಂತಿ ಯಾವುದೋ ಕಚೇರಿಯ ಕಡತದಿಂದ ಕಳಚಿಕೊಂಡು ಬಂದಿರುವ ಸಾಧ್ಯತೆ ಇದೆ. ಅಧಿಕಾರಿಯ ಮನೆಯಲ್ಲಿ ಉಳಿದ ಸ್ವಂತ ಪ್ರತಿ ಬೇರೆ ಮಾತು. ಆದರೆ ಗುಜರಿ ಅಂಗಡಿಯಲ್ಲಿ ಕಟ್ಟುಕಟ್ಟಾಗಿ ಕಂಡ ಅಮಲ್ದಾರ್ ಕಚೇರಿಯ ತಂತಿಗಳನ್ನು ಕೊಳ್ಳುವ ಬದಲು ಬೆಂಗಳೂರಿನ ರಾಜ್ಯ ಪತ್ರಾಗಾರ ಇಲಾಖೆಗೆ ತಿಳಿಸುವುದೇ ಸರಿ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಐತಿಹಾಸಿಕ ಮೌಲ್ಯವಿರುವ, 75 ವರ್ಷಕ್ಕೆ ಕಡಿಮೆಯಿಲ್ಲದ ದಾಖಲೆಗಳು ಪುರಾವಸ್ತುವಿನ ವ್ಯಾಪ್ತಿಗೆ ಬರುತ್ತವೆ, ಅವನ್ನು ಪರವಾನಗಿಯಿಲ್ಲದೆ ವಿದೇಶಕ್ಕೆ ಕಳಿಸುವಂತಿಲ್ಲ. ಆನ್‌ಲೈನ್ ಹರಾಜಿನಲ್ಲಿ ಹೊರದೇಶದವರಿಗೆ ಮಾರಲು ಹೊರಟವರು ಇದನ್ನು ತಿಳಿದಿರಬೇಕು.

ಮನೆಯವರಿಂದಲೇ ಫಾರಂ ಪಡೆದಾಗ ಒಂದು ಬೇರೆ ಹಾಳೆಯಲ್ಲಿ ಮೆದು ಪೆನ್ಸಿಲಿನಿಂದ ಕೆಲವು ವಿವರ ಬರೆದು ಜೊತೆಗಿಡಬೇಕು: ಯಾವ ಊರಿನ ಯಾವ ಬೀದಿಯ ಮನೆ, ಆ ಮನೆಯವರ ಕಸುಬೇನು, ಅದೇ ಕಟ್ಟಿನಲ್ಲಿ ಇನ್ನೇನೇನು ಕಾಗದಗಳಿದ್ದವು, ಯಾವುದರ ಮೇಲೆ ಯಾವುದಿತ್ತು, ಸಂದೇಶದಲ್ಲಿ ಬರುವ ಹೆಸರುಗಳು ಅವರಿಗೆ ಯಾವ ಸಂಬಂಧ. ಕೊಟ್ಟವರಿಗೆ ಫಾರಮಿನ ಎರಡೂ ಬದಿಯ ಒಳ್ಳೆಯ ಸ್ಕ್ಯಾನ್ ಪ್ರತಿಯನ್ನು ಅಂದೇ ಕೊಟ್ಟು ಬರುವುದು ಉತ್ತಮ. ಹಾಗೆ ಕೊಟ್ಟ ಮನೆಗಳಿಂದಲೇ, ಅಟ್ಟದ ಮೇಲೆ ಇನ್ನೊಂದು ಕಟ್ಟು ಸಿಕ್ಕಿತೆಂಬ ಕರೆ ಆಮೇಲೆ ಬರುವುದುಂಟು.